ಬೆತ್ತದ ಪೆಟ್ಟಿಗೆಯಿಂದ ಮುಕ್ತಿ ಸದನದವರೆಗೆ



ನಮ್ಮ ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಭಾನುವಾರ ಬೆಳಗ್ಗೆ ಒಂದು ಸುತ್ತು ಹಾಕಿ ನೋಡಿ. ಒಂದೆಡೆ ನಮ್ಮ ದೇವಾಲಯದ ಗಂಟೆ, ಇನ್ನೊಂದೆಡೆ ಸಿ.ಎಸ್.ಐ. ದೇವಾಲಯದ ಗಾಯನ, ಮುಂದಿನ ಬೀದಿಯಲ್ಲಿ ಬಾಡಿಗೆ ಕಟ್ಟಡದ ಪ್ರಾರ್ಥನಾ ಮಂದಿರ. ಕೆಲಸಕ್ಕೆಂದು ಊರೂರುಗಳಿಂದ ಬಂದ ಯುವಕ ಯುವತಿಯರು ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ.

ಒಂದು ತಪಸ್ಸುಕಾಲದಲ್ಲಿ ತಾಯಿಯೊಬ್ಬರು ಬಲಿಪೂಜೆ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. ಮಗಳು ಒಂದೊಂದು ಭಾನುವಾರ ಒಂದೊಂದು ಸಭೆಗೆ ಹೋಗುತ್ತಾಳೆ, ಬುದ್ಧಿ ಹೇಳಿ ಎಂದರು. ನಾನು ಹಿಂದುಮುಂದು ನೋಡದೆ ಗದರಿಸಿಬಿಟ್ಟೆ. ಆ ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮರು ಭಾನುವಾರದಿಂದ ನಮ್ಮ ದೇವಾಲಯಕ್ಕೂ ಬರುವುದನ್ನು ನಿಲ್ಲಿಸಿದಳು. ಅಂದಿನಿಂದ ನನಗೆ ಮತ್ತೆ ಮತ್ತೆ ನೆನಪಾಗುವವರು ನಮ್ಮ ಕರ್ನಾಟಕದ ಮಣ್ಣಿನಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ.

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳ ಎಂಬ ಊರಿನವರು, ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಸ್ವಂತ ಸಮಾಜದ ವಿರೋಧವನ್ನು ಎದುರಿಸಬೇಕಾಯಿತು. ಮಗುವಿಗೆ ಆರು ತಿಂಗಳಾದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಬಂದರಂತೆ. ಅಲ್ಲಿಂದ ಮುಂದೆ ಆ ಮಗುವಿಗೆ ನೆಲೆಯಾದ ಮನೆ ಎಂಬುದೇ ಇರಲಿಲ್ಲ. ದೇವಸ್ಥಾನದಿಂದ ದೇವಸ್ಥಾನಕ್ಕೆ, ನದಿಯಿಂದ ನದಿಗೆ ನಡಿಗೆಯಲ್ಲೇ ಬಾಲ್ಯ ಕಳೆಯಿತು. ತಾಯಿಯೇ ಗುರು. ಸಾವಿರಾರು ಶ್ಲೋಕಗಳು ಕಂಠಪಾಠವಾದವು. ಮರಾಠಿ, ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಭಾಷೆಗಳು ನಾಲಿಗೆಗೆ ಒಗ್ಗಿದವು.

1874ರ ಸುಮಾರಿಗೆ ಬರಗಾಲ ಎರಗಿತು. ಹಸಿವಿನಿಂದ ಬಳಲಿ ತಂದೆ ತೀರಿಕೊಂಡರು, ಹಿಂದೆಯೇ ತಾಯಿ, ಅಕ್ಕ. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಹೊದೆಯಲು ಬಟ್ಟೆಯಿಲ್ಲದೆ ಉತ್ತರದ ನದೀತೀರವೊಂದರಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಒಣಮರಳು ಮುಚ್ಚಿಕೊಂಡು ಚಳಿಯ ರಾತ್ರಿಗಳನ್ನು ಕಳೆದರು. 1878ರಲ್ಲಿ ಕಲ್ಕತ್ತ ಸೇರಿದಾಗ ಅಲ್ಲಿನ ವಿದ್ವಾಂಸರು ಈ ಇಪ್ಪತ್ತರ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

ಬಿರುದು ಬಂತು, ಶಾಂತಿ ಬರಲಿಲ್ಲ. ಶಾಸ್ತ್ರಗಳನ್ನು ಓದಿದಷ್ಟೂ ಅವು ಎಲ್ಲ ವಿಷಯಗಳಲ್ಲಿ ಜಗಳವಾಡಿ, ಹೆಣ್ಣನ್ನು ಕೀಳೆಂದು ಹೇಳುವಾಗ ಮಾತ್ರ ಒಂದಾಗುತ್ತವೆ ಎಂದು ಅವರಿಗೆ ಕಂಡಿತು. ಬ್ರಹ್ಮಸಮಾಜದವರ ಸಂಗ ಮಾಡಿದರು. 1880ರಲ್ಲಿ ಅಣ್ಣ ತೀರಿಕೊಂಡ ಮೇಲೆ ಬೇರೆ ಜಾತಿಯ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾಗಿ ಸಿಲ್ಚಾರ್‌ನಲ್ಲಿ ನೆಲೆಸಿದರು. ಪತಿಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಶುಭಸಂದೇಶ ಕೈಗೆ ಸಿಕ್ಕಿತು. ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಬಂದು ಆದಿಕಾಂಡವನ್ನು ವಿವರಿಸಿದರು. ಮಗಳು ಮನೋರಮಾ ಹುಟ್ಟಿದ್ದು 1881ರಲ್ಲಿ. 1882ರ ಫೆಬ್ರವರಿಯಲ್ಲಿ ಪತಿ ಕಾಲರಾದಿಂದ ತೀರಿಕೊಂಡರು. ಇಪ್ಪತ್ತನಾಲ್ಕು ತುಂಬುವ ಮೊದಲೇ ರಮಾಬಾಯಿ ವಿಧವೆ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ವೈದ್ಯ ವಿದ್ಯೆ ಕಲಿಯಬೇಕೆಂದು, ತಾವು ಬರೆದ ಪುಸ್ತಕ ಮಾರಿದ ಹಣದಿಂದ 1883ರಲ್ಲಿ ಮಗುವಿನೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದರಿಂದ ವೈದ್ಯೆಯಾಗುವ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬಲ್ಲಿ ಆಂಗ್ಲಿಕನ್ ಸಭೆಯ ಧರ್ಮಭಗಿನಿಯರು ಆಶ್ರಯ ಕೊಟ್ಟರು. ಅವರೊಮ್ಮೆ ಲಂಡನ್ನಿನ ಫುಲ್ಹಮ್‌ನಲ್ಲಿದ್ದ ತಮ್ಮ ಆಶ್ರಮಕ್ಕೆ ರಮಾಬಾಯಿಯನ್ನು ಕಳುಹಿಸಿದರು. ಬೀದಿಯಲ್ಲಿ ಬದುಕು ಕಳೆದುಕೊಂಡ ಹೆಣ್ಣುಮಕ್ಕಳನ್ನು ಸೋದರಿಯರು ಪ್ರೀತಿಯಿಂದ ಸಲಹುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಇದೇಕೆ ಎಂದು ವಿಚಾರಿಸಿದಾಗ ಯೇಸುಸ್ವಾಮಿ ಬಾವಿಯ ಬಳಿ ಸಮಾರಿಯದ ಸ್ತ್ರೀಯನ್ನು ಕಂಡ ಪ್ರಸಂಗವನ್ನು ಓದಿ ಹೇಳಿದರು. ಎಷ್ಟೋ ವಾದಗಳು ಮಾಡಲಾಗದ ಕೆಲಸವನ್ನು ಆ ಸೇವೆ ಮಾಡಿತು. ಹಿಂದೂ ಧರ್ಮದಿಂದ ಬಂದು ಆಂಗ್ಲಿಕನ್ ಗುರುವಾಗಿದ್ದ ನೆಹೆಮಿಯಾ ಗೋರೆಯವರ ಬರಹಗಳೂ ನೆರವಾದವು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೆ ಮುಗಿಯಿತೆಂದು ಭಾವಿಸಬೇಡಿ. ಹುಡುಕಾಟ ಹೊಸದಾಗಿ ಆರಂಭವಾದದ್ದೇ ಇಲ್ಲಿ. ರಮಾಬಾಯಿ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ತ್ರೈಏಕ ದೇವರ ಬಗ್ಗೆ, ವಿಶ್ವಾಸ ಪ್ರಮಾಣದ ಬಗ್ಗೆ, ಧರ್ಮಸಭೆಯ ಅಧಿಕಾರದ ಬಗ್ಗೆ ಧರ್ಮಭಗಿನಿ ಜೆರಾಲ್ಡೀನ್ ಅವರಿಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಪುರೋಹಿತರ ನೊಗವನ್ನು ಈಗಷ್ಟೇ ಕಳಚಿದ ತನಗೆ ಇನ್ನೊಂದು ನೊಗ ಹೊರಿಸಬೇಡಿ ಎಂಬುದು ಅವರ ಮಾತಿನ ಸಾರ. ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲತೀನ್ ಅಕ್ಷರಗಳೇಕೆ, ಸಂಸ್ಕೃತ ಏಕಿರಬಾರದು ಎಂದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡಸರಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪರು ಆಕ್ಷೇಪಿಸಿದರು. ತಂದೆಯೂ ಗಂಡನೂ ಹೇರದ ಕಟ್ಟನ್ನು ಕ್ರೈಸ್ತರು ಹೇರಿದ್ದು ಅವರಿಗೆ ನೋವು ತಂದಿತು.

1886ರಲ್ಲಿ ಅಮೆರಿಕಕ್ಕೆ ಹೋದರು. ಮರುವರ್ಷ ಮೇಲ್ಜಾತಿಯ ಹಿಂದೂ ಹೆಣ್ಣಿನ ಪಾಡನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಹೆಸರು ತಂದಿತು. ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕ್ವೇಕರ್, ಯೂನಿಟೇರಿಯನ್, ನಮ್ಮ ಕಥೋಲಿಕರು, ಹೀಗೆ ಪಶ್ಚಿಮದಲ್ಲಿ ಅವರು ಭೇಟಿಯಾದ ಪಂಗಡಗಳು ಒಂದೆರಡಲ್ಲ. ಒಬ್ಬನೇ ಕ್ರಿಸ್ತನ ಹೆಸರಿನಲ್ಲಿ ಇಷ್ಟೊಂದು ಬಾಗಿಲುಗಳೇ ಎಂದು ಅವರು ಗೊಂದಲಗೊಂಡರು. ಅವರ ಆ ಗೊಂದಲ ಓದುವಾಗ ನಾಚಿಕೆಯಾಗಬೇಕಾದದ್ದು ನಮಗೆ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಅವರು ಮಗಳೊಂದಿಗೆ ಬೈಬಲ್ ಓದಿ ಪ್ರಾರ್ಥಿಸುವಾಗ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಬಾ ಎಂದು ಯಾರನ್ನೂ ಕರೆಯಲಿಲ್ಲ, ಬಂದವರನ್ನು ಹೊರಹಾಕಲೂ ಇಲ್ಲ. ಇದೇ ದೊಡ್ಡ ಗಲಾಟೆಯಾಗಿ 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸಲಹೆಗಾರರು ದೂರ ಸರಿದರು. ಸ್ವಸಮಾಜ ದ್ರೋಹಿ ಎಂದಿತು, ಚರ್ಚಿನವರು ಹಟಮಾರಿ ಎಂದರು. ಆ ಒಂಟಿತನದ ದಿನಗಳಲ್ಲೇ, ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೆ, ಕ್ರಿಸ್ತನನ್ನಲ್ಲ ಎಂಬ ಅರಿವು ಅವರಲ್ಲಿ ಮೂಡಿತ್ತು. ಪಂಗಡಗಳ ಗೊಂದಲಕ್ಕೆ ಉತ್ತರ ಅವರಿಗೆ ಸಿಕ್ಕಿದ್ದು ಅಲ್ಲಿ.

ಆ ಉತ್ತರ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಗುಜರಾತಿನ ಬರಗಾಲದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಬಂತು. ಬೇಸಾಯ, ನೇಯ್ಗೆ, ಅಚ್ಚಿನ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತರು. 1905ರಲ್ಲಿ ಅಲ್ಲಿ ನಡೆದ ಉಜ್ಜೀವನ ಪ್ರಾರ್ಥನೆ ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಆದರೂ ಮುಕ್ತಿಯನ್ನು ಅವರು ಯಾವ ಒಂದು ಪಂಗಡಕ್ಕೂ ಒಪ್ಪಿಸಲಿಲ್ಲ. 1912ರಲ್ಲಿ ಮಗಳು ಮನೋರಮಾಳ ನೆರವಿನಿಂದ ಇಂದಿನ ಕಲಬುರಗಿಯಲ್ಲಿ ಶಾಲೆಯೊಂದು ಆರಂಭವಾಯಿತು. ಹೀಗೆ ಅವರ ಸೇವೆ ಕನ್ನಡ ನಾಡಿಗೂ ಬಂತು.

ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಓದುಬಾರದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿದರು. 1921ರಲ್ಲಿ ಮಗಳು ತೀರಿಕೊಂಡಳು. ಆ ದುಃಖದಲ್ಲೂ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ತಾಯಿಯೂ ಕಣ್ಣು ಮುಚ್ಚಿದರು. ಅಂದು ಅವರನ್ನು ಹಟಮಾರಿ ಎಂದಿದ್ದ ಆಂಗ್ಲಿಕನ್ ಸಭೆ ಇಂದು ತನ್ನ ಪಂಚಾಂಗದಲ್ಲಿ ಅವರನ್ನು ಸ್ಮರಿಸುತ್ತದೆ.

ರಮಾಬಾಯಿ ನಮ್ಮ ಧರ್ಮಸಭೆಗೆ ಬರಲಿಲ್ಲ. ಒಬ್ಬ ಕಥೋಲಿಕ ಗುರುವಾಗಿ ಇದು ನನಗೆ ಕೊರತೆಯೆಂದೇ ತೋರುತ್ತದೆ. ಧರ್ಮಸಭೆ ತಾಯಿ, ಪರಮಪ್ರಸಾದದ ಮೇಜು ಯಾರೂ ಒಂಟಿಯಾಗಿ ಕಟ್ಟಿಕೊಳ್ಳುವಂಥದಲ್ಲ. ಎಲ್ಲ ಬಾಗಿಲುಗಳೂ ಒಂದೇ ಎಂದು ನಾನು ಹೇಳಲಾರೆ. ಆದರೆ ನಮ್ಮ ದ್ವಿತೀಯ ವ್ಯಾಟಿಕನ್ ಮಹಾಸಭೆ, ದೀಕ್ಷಾಸ್ನಾನ ಪಡೆದ ಇತರ ಕ್ರೈಸ್ತರು ನಮ್ಮ ಸೋದರರು ಎಂದು 1964ರಲ್ಲೂ, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು ಎಂದು 1965ರಲ್ಲೂ ಕಲಿಸಿತು. ಇದನ್ನು ಗುರುಮಠದಲ್ಲಿ ಓದಿ ಪರೀಕ್ಷೆ ಬರೆದವನು ನಾನು. ಆ ಹುಡುಗಿಯ ಮುಂದೆ ಮಾತ್ರ ಮರೆತೆ.

ತಂದೆತಾಯಿಗಳೇ, ನಿಮ್ಮ ಮಗ ಅಥವಾ ಮಗಳು ಬೇರೆ ಸಭೆಯ ಬಾಗಿಲಲ್ಲಿ ನಿಂತರೆ ಮೊದಲು ಮನೆಯ ಬಾಗಿಲು ಹಾಕಬೇಡಿ. ಅಲ್ಲಿ ಏನು ಸಿಕ್ಕಿತು, ಇಲ್ಲಿ ಏನು ಸಿಗಲಿಲ್ಲ ಎಂದು ಕೇಳಿ. ಬಂದ ಉತ್ತರ ನಮಗೆ ಕಹಿಯಾಗಿರಬಹುದು. ಹಾಡಲು ಅವಕಾಶ, ಹೆಸರು ಹಿಡಿದು ಕರೆಯುವ ಒಂದು ದನಿ, ಇಷ್ಟೇ ಆಗಿರಲೂಬಹುದು. ಯುವಜನರೇ, ನಿಮಗೂ ಒಂದು ಮಾತು. ರಮಾಬಾಯಿ ಹಿತವಾದ ಜಾಗ ಹುಡುಕುತ್ತಾ ಅಲೆಯಲಿಲ್ಲ. ಸತ್ಯ ಹುಡುಕಿದರು, ಹೋದಲ್ಲೆಲ್ಲ ಓದಿದರು, ಕೇಳಿದರು. ಸಿಕ್ಕಿದ್ದನ್ನು ಹಸಿದವರೊಡನೆ ಹಂಚಿಕೊಂಡರು. ನಿಮ್ಮ ಹುಡುಕಾಟವನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಿ.

ನಾನು ಮಾತ್ರ ಈ ವಾರ ಆ ತಾಯಿಯ ಮನೆಗೆ ಹೋಗಲಿದ್ದೇನೆ. ಬುದ್ಧಿ ಹೇಳಲು ಅಲ್ಲ, ಕ್ಷಮೆ ಕೇಳಲು, ಅಂದು ಕೇಳದೆ ಉಳಿದ ಪ್ರಶ್ನೆಯನ್ನು ಇಂದಾದರೂ ಕೇಳಲು. ನಿಮ್ಮ ಪ್ರಾರ್ಥನೆಯಲ್ಲಿ ನಮ್ಮಿಬ್ಬರನ್ನೂ ನೆನೆಯಿರಿ.