ಆರೋಪಪಟ್ಟಿಯಲ್ಲಿ ಇಲ್ಲದ ಹೆಸರು: ಸ್ನೇಹಲತಾ ರೆಡ್ಡಿ

ಬೆಂಗಳೂರು: ದಕ್ಷಿಣ ಬೆಂಗಳೂರಿನ ಜೆ.ಪಿ. ನಗರಕ್ಕೆ ಆ ಹೆಸರು ಬಂದದ್ದು ಲೋಕನಾಯಕ ಜಯಪ್ರಕಾಶ ನಾರಾಯಣರಿಂದ. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಾದಾಗ ಮೊದಲು ಸೆರೆಯಾದವರಲ್ಲಿ ಅವರೂ ಒಬ್ಬರು. ಚಂಡೀಗಢದಲ್ಲಿ ಬಂಧನದಲ್ಲಿದ್ದಾಗಲೇ ಅವರ ಮೂತ್ರಪಿಂಡಗಳು ಕೈಕೊಟ್ಟವು. ಜೆ.ಪಿ. ಹೆಸರಿನಲ್ಲಿ ಬಡಾವಣೆಯೇ ಬೆಳೆದು ನಿಂತ ಈ ನಗರದಲ್ಲಿ, ಅದೇ ಕಾಲದಲ್ಲಿ ಇಲ್ಲಿನ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು, ಹೊರಬಂದ ಐದೇ ದಿನಗಳಲ್ಲಿ ಕಣ್ಮುಚ್ಚಿದ ಕಲಾವಿದೆಯ ನೆನಪು ಮಾತ್ರ ಮಸುಕಾಗಿದೆ. ಅವರೇ ಸ್ನೇಹಲತಾ ರೆಡ್ಡಿ.

ನ್ಯಾಯಾಲಯವೂ ತಪ್ಪು ಮಾಡಬಹುದು, ನಿರಪರಾಧಿಯೂ ಶಿಕ್ಷೆಗೆ ಗುರಿಯಾಗಬಹುದು. ಹೀಗಿರುವಾಗ ಸೆರೆಮನೆ ಎಂಬ ವ್ಯವಸ್ಥೆಯನ್ನು ಸಮರ್ಥಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಇಂದು ಮತ್ತೆ ಮತ್ತೆ ಕೇಳಿಬರುತ್ತಿದೆ. ಸ್ನೇಹಲತಾ ಅವರ ಬದುಕು ಆ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ಅವರ ವಿಷಯದಲ್ಲಿ ತಪ್ಪು ತೀರ್ಪು ಬರಲಿಲ್ಲ. ತೀರ್ಪೇ ಬರಲಿಲ್ಲ. ವಿಚಾರಣೆ ನಡೆಯಲಿಲ್ಲ, ಅವರ ವಿರುದ್ಧ ಆರೋಪಪಟ್ಟಿಯೂ ಸಲ್ಲಿಕೆಯಾಗಲಿಲ್ಲ. ಆದರೂ ಶಿಕ್ಷೆ ಪೂರ್ಣವಾಗಿ ಜಾರಿಯಾಯಿತು.

ರಂಗಭೂಮಿಯಿಂದ ಚಂದ್ರಿಯವರೆಗೆ

ಸ್ನೇಹಲತಾ ಜನಿಸಿದ್ದು 1932ರಲ್ಲಿ, ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ. ಬ್ರಿಟಿಷರ ಆಳ್ವಿಕೆಯ ಬಗ್ಗೆ ಎಳೆಯ ವಯಸ್ಸಿನಲ್ಲೇ ಅಸಮಾಧಾನ ಬೆಳೆಸಿಕೊಂಡ ಅವರು ಭಾರತೀಯ ಹೆಸರನ್ನೂ ಭಾರತೀಯ ಉಡುಗೆಯನ್ನೂ ತಮ್ಮದಾಗಿಸಿಕೊಂಡರು. ಭರತನಾಟ್ಯ ಕಲಿತರು. ತೆಲುಗಿನ ನವ್ಯ ಕವಿ, ಚಿತ್ರ ನಿರ್ಮಾಪಕ ನೆಲ್ಲೂರಿನ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿ ಅವರನ್ನು ವಿವಾಹವಾದರು. ಮದರಾಸಿನ ಇಂಗ್ಲಿಷ್ ರಂಗಭೂಮಿಯಲ್ಲಿ ಹೆಸರಾದ ಮದ್ರಾಸ್ ಪ್ಲೇಯರ್ಸ್ ತಂಡದ ಸ್ಥಾಪಕರಲ್ಲಿ ಅವರೂ ಒಬ್ಬರು. ನಟಿಯಾಗಿ, ನಿರ್ದೇಶಕಿಯಾಗಿ ಆ ವೇದಿಕೆಯಲ್ಲಿ ದುಡಿದರು.

ದಂಪತಿಗಳಿಬ್ಬರೂ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಮಾರುಹೋದವರು. ಆ ಒಡನಾಟವೇ ಅವರನ್ನು ಕರ್ನಾಟಕದ ಸಮಾಜವಾದಿ ಚಿಂತಕರ, ಬರಹಗಾರರ ಬಳಗಕ್ಕೆ ಹತ್ತಿರ ತಂದಿತು. ಅದರ ಫಲವೇ 1970ರಲ್ಲಿ ತೆರೆಕಂಡ ಸಂಸ್ಕಾರ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ಚಿತ್ರವಾಗಿಸಿದರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ಅಭಿನಯಿಸಿದರು. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಆ ಚಿತ್ರವೇ ಮುಂದೆ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆಯಿತು. ಕನ್ನಡ ಚಿತ್ರವೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು.

ಚಂದ್ರಿಯ ಪಾತ್ರವನ್ನು ಬಲ್ಲವರಿಗೆ ಒಂದು ಸಂಗತಿ ನೆನಪಿರುತ್ತದೆ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರವೆಲ್ಲ ಶಾಸ್ತ್ರದಲ್ಲಿ ಉತ್ತರ ಹುಡುಕುತ್ತಿರುತ್ತದೆ. ಅತ್ತ ಶವ ಕೊಳೆಯುತ್ತಿರುತ್ತದೆ. ನಿಯಮದ ಚರ್ಚೆ ಮುಗಿಯುವುದರೊಳಗೆ ಮನುಷ್ಯರ ಪಾಡು ಏನಾಗುತ್ತದೆ ಎಂಬ ಪ್ರಶ್ನೆ ಆರು ವರ್ಷಗಳ ಬಳಿಕ ಆ ಪಾತ್ರಧಾರಿಯ ಬದುಕಿಗೇ ಎದುರಾಯಿತು.

ಬಾಗಿಲು ಮುಚ್ಚಿದ ನಾಲ್ಕು ದಿನಗಳ ನಂತರ

ತುರ್ತು ಪರಿಸ್ಥಿತಿಯಲ್ಲಿ ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ರೆಡ್ಡಿ ದಂಪತಿಗಳ ಸ್ನೇಹಿತರು. ಸರ್ಕಾರಿ ಆಸ್ತಿ ಹಾಗೂ ರೈಲು ಹಳಿಗಳನ್ನು ಸ್ಫೋಟಿಸಲು ಡೈನಮೈಟ್ ಸಂಗ್ರಹಿಸಿದ ಆರೋಪದ ಮೇಲೆ ಅವರ ಹಾಗೂ ಸಂಗಡಿಗರ ವಿರುದ್ಧ ಹೂಡಿದ ಮೊಕದ್ದಮೆಯೇ ಬರೋಡಾ ಡೈನಮೈಟ್ ಪ್ರಕರಣ. ಇದೇ ಪ್ರಕರಣದ ಸಂಬಂಧ 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಲಾಯಿತು. ಮುಂದೆ ಆಂತರಿಕ ಭದ್ರತಾ ಕಾಯ್ದೆ, ಅಂದರೆ ಮೀಸಾ ಅಡಿಯಲ್ಲಿ ಸೆರೆ ಮುಂದುವರಿಯಿತು.

ಈ ದಿನಾಂಕ ಗಮನಿಸಬೇಕಾದದ್ದು. ಬಂಧನಕ್ಕೆ ಕೇವಲ ನಾಲ್ಕು ದಿನ ಮೊದಲು, ಏಪ್ರಿಲ್ 28ರಂದು, ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ತುರ್ತು ಪರಿಸ್ಥಿತಿ ಇರುವವರೆಗೆ, ತನ್ನ ಬಂಧನ ಅಕ್ರಮವೆಂದು ಹೇಳಿಕೊಂಡು ಯಾವ ಪ್ರಜೆಯೂ ಹೈಕೋರ್ಟ್ ಮೆಟ್ಟಿಲೇರುವಂತಿಲ್ಲ ಎಂಬುದು ಅದರ ಸಾರಾಂಶ. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಹೀಗಾಗಿ ಸ್ನೇಹಲತಾ ಸೆರೆಮನೆಯ ಒಳಹೊಕ್ಕಾಗ ನ್ಯಾಯಾಲಯದ ಬಾಗಿಲು ಆಗಲೇ ಮುಚ್ಚಿತ್ತು.

ಸಿ.ಬಿ.ಐ. ಸಲ್ಲಿಸಿದ ಅಂತಿಮ ಆರೋಪಪಟ್ಟಿಯಲ್ಲಿ ಜಾರ್ಜ್ ಫರ್ನಾಂಡಿಸ್ ಸೇರಿದಂತೆ 25 ಮಂದಿಯ ಹೆಸರುಗಳಿದ್ದವು. ಸ್ನೇಹಲತಾ ಅವರ ಹೆಸರು ಇರಲಿಲ್ಲ. ಆದರೂ ಅವರು ಬಿಡುಗಡೆಯಾಗಲಿಲ್ಲ. ಮೀಸಾ ಕಾಯ್ದೆಗೆ ಸಾಕ್ಷ್ಯವೂ ಬೇಕಿರಲಿಲ್ಲ, ಕಾರಣ ತಿಳಿಸುವ ಅಗತ್ಯವೂ ಇರಲಿಲ್ಲ.

ಕೋಣೆಯೊಳಗಿನ ಎಂಟು ತಿಂಗಳು

ಶೇಷಾದ್ರಿ ರಸ್ತೆಯಲ್ಲಿದ್ದ ಅಂದಿನ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ತುರ್ತು ಪರಿಸ್ಥಿತಿಯ ಆರಂಭದಿಂದಲೂ ಗಣ್ಯ ಕೈದಿಗಳಿದ್ದರು. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ನಗರಕ್ಕೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಇಲ್ಲಿಯೇ ಬಂಧಿತರಾಗಿದ್ದರು. ಅಂತಹ ರಾಜಕೀಯ ಬಂದಿಗಳಿಗೆ ಪರಸ್ಪರ ಸಹವಾಸವಾದರೂ ಇತ್ತು. ಸ್ನೇಹಲತಾ ಅವರನ್ನು ಮಹಿಳಾ ವಿಭಾಗದ ಕೋಣೆಯೊಂದರಲ್ಲಿ ಒಂಟಿಯಾಗಿ ಇಡಲಾಯಿತು. ರಾತ್ರಿಯ ವೇಳೆ ಅವರ ಚೀತ್ಕಾರ ಕೇಳಿಬರುತ್ತಿದ್ದುದನ್ನು ದಂಡವತೆ ಮುಂದೆ ದಾಖಲಿಸಿದ್ದಾರೆ.

ಅವರಿಗೆ ಬಹುಕಾಲದಿಂದ ಆಸ್ತಮಾ ಇತ್ತು. ಗಾಳಿ ಬೆಳಕಿಲ್ಲದ ಕೋಣೆ, ತೇವ, ಏಕಾಂತ, ಸಮರ್ಪಕವಲ್ಲದ ಚಿಕಿತ್ಸೆ ಇವೆಲ್ಲ ಸೇರಿ ಕಾಯಿಲೆಯನ್ನು ಉಲ್ಬಣಗೊಳಿಸಿದವು. ಈ ಸ್ಥಿತಿಯಲ್ಲೂ ಅವರು ದಿನಚರಿ ಬರೆದರು. ಅವರ ನಿಧನಾನಂತರ 1977ರಲ್ಲಿ ಅದು ಪುಸ್ತಕವಾಗಿ ಹೊರಬಂದಿತು.

ಸೆರೆಮನೆಯಲ್ಲಿ ಅವರು ಮಾಡಿದ ಕೆಲಸ ಅವರ ವ್ಯಕ್ತಿತ್ವವನ್ನು ಚೆನ್ನಾಗಿ ಹೇಳುತ್ತದೆ. ತಾವು ರಾಜಕೀಯ ಬಂದಿ, ಉಳಿದವರು ಕಳ್ಳತನ ಕೊಲೆಗಳ ಅಪರಾಧಿಗಳು ಎಂಬ ಭೇದವನ್ನು ಅವರು ಮಾಡಲಿಲ್ಲ. ಹೊಸದಾಗಿ ಬರುವ ಮಹಿಳಾ ಕೈದಿಗಳನ್ನು ಹೊಡೆಯುವ ಪದ್ಧತಿಯ ವಿರುದ್ಧ ಪ್ರತಿಭಟಿಸಿ ಅದನ್ನು ನಿಲ್ಲಿಸಿದರು. ಉಪವಾಸ ಕುಳಿತು ಆಹಾರದ ಗುಣಮಟ್ಟ ಸುಧಾರಿಸುವಂತೆ ಮಾಡಿದರು. ಕೈದಿಗಳಿಗೆ ಹಾಡು, ಆಟ ಕಲಿಸಿದರು. ತಮ್ಮ ಬಿಡುಗಡೆಗಾಗಿ ಏನನ್ನೂ ಮಾಡಲಾಗದಿದ್ದ ಮಹಿಳೆ ಇತರರ ಬದುಕನ್ನು ಒಂದಿಷ್ಟಾದರೂ ಹಗುರಗೊಳಿಸಿದರು.

1977ರ ಜನವರಿ 15ರಂದು ಪೆರೋಲ್ ಮೇಲೆ ಅವರನ್ನು ಬಿಡಲಾಯಿತು. ಆ ವೇಳೆಗೆ ಶ್ವಾಸಕೋಶಗಳು ಸೋತಿದ್ದವು. ಜನವರಿ 18ರಂದು ಲೋಕಸಭೆಗೆ ಚುನಾವಣೆ ಘೋಷಣೆಯಾಯಿತು. ರಾಜಕೀಯ ನಾಯಕರು ಒಬ್ಬೊಬ್ಬರಾಗಿ ಹೊರಬರತೊಡಗಿದರು. ಜನವರಿ 20ರಂದು ಸ್ನೇಹಲತಾ ನಿಧನರಾದರು. ಅವರಿಗಿನ್ನೂ 45 ವರ್ಷ ತುಂಬಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಜನತಾ ಸರ್ಕಾರ ಅಧಿಕಾರಕ್ಕೆ ಬಂದು ಬರೋಡಾ ಮೊಕದ್ದಮೆಯನ್ನೇ ಹಿಂತೆಗೆದುಕೊಂಡಿತು.

ಕಾನೂನು ಕಲಿತ ಪಾಠ

ತುರ್ತು ಪರಿಸ್ಥಿತಿಯಲ್ಲಿ ಮೀಸಾ ಅಡಿಯಲ್ಲಿ ದೇಶದಾದ್ಯಂತ ಸುಮಾರು 35 ಸಾವಿರ ಮಂದಿ ಬಂಧಿತರಾಗಿದ್ದರು ಎಂದು ಶಾ ಆಯೋಗ ಲೆಕ್ಕ ಹಾಕಿತು. ಜನತಾ ಸರ್ಕಾರ ಆ ಕಾಯ್ದೆಯನ್ನು ರದ್ದುಗೊಳಿಸಿತು. 1978ರ 44ನೆಯ ತಿದ್ದುಪಡಿಯ ಮೂಲಕ, ತುರ್ತು ಪರಿಸ್ಥಿತಿಯಲ್ಲೂ ಜೀವ ಹಾಗೂ ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ ಎಂಬ ರಕ್ಷಣೆ ಸಂವಿಧಾನಕ್ಕೆ ಸೇರಿತು. ಜಬಲ್ಪುರ ತೀರ್ಪನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಆ ಪ್ರಕರಣದ ಮೊದಲ ಅರ್ಜಿದಾರರು ಬೆಂಗಳೂರಿನಲ್ಲೇ ನೆಲೆಸಿದ್ದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಪ್ಪು ತಿದ್ದಲು ಕಾನೂನಿಗೆ 41 ವರ್ಷ ಹಿಡಿಯಿತು. ಸ್ನೇಹಲತಾ ಅವರಿಗೆ ಎಂಟು ತಿಂಗಳ ಕಾಲಾವಕಾಶವಷ್ಟೇ ಇತ್ತು.

ಪ್ರಶ್ನೆ ಹಳೆಯದಾಗಿಲ್ಲ

ತುರ್ತು ಪರಿಸ್ಥಿತಿ ಮುಗಿದ ಅಧ್ಯಾಯ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಪತ್ನಿಯನ್ನು ಕೊಂದ ಆರೋಪದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಕೊಡಗಿನ ವ್ಯಕ್ತಿಯೊಬ್ಬರನ್ನು 2025ರ ಏಪ್ರಿಲ್‌ನಲ್ಲಿ ಮೈಸೂರಿನ ನ್ಯಾಯಾಲಯ ಖುಲಾಸೆಗೊಳಿಸಿತು. ಸತ್ತಳೆಂದು ಪೊಲೀಸರು ಹೇಳಿದ್ದ ಪತ್ನಿ ಜೀವಂತವಾಗಿ ಪತ್ತೆಯಾಗಿದ್ದಳು.

ತಪ್ಪಾಗಿ ಮೊಕದ್ದಮೆಗೆ ಗುರಿಯಾದವರಿಗೆ ಪರಿಹಾರ ನೀಡಲು ಪ್ರತ್ಯೇಕ ಕಾನೂನು ಬೇಕೆಂದು ಕೇಂದ್ರ ಕಾನೂನು ಆಯೋಗ 2018ರ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ಸಾಬೀತಾಗದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಸೆರೆಯಲ್ಲಿ ಕಳೆದಿದ್ದರೆ ಅವರ ಬಿಡುಗಡೆಗೆ ಅವಕಾಶ ನೀಡಿದೆ. ಮರಣದಂಡನೆ ಅಥವಾ ಜೀವಾವಧಿಯಂತಹ ಶಿಕ್ಷೆಗೆ ಅರ್ಹವಾದ ಪ್ರಕರಣಗಳಿಗೆ ಇದು ಅನ್ವಯಿಸದು.

ಹಾಗಾದರೆ ಸೆರೆಮನೆಗಳೇ ಬೇಡವೇ? ಹಿಂಸೆಗೆ ಒಳಗಾದವರ ರಕ್ಷಣೆಯ ಹೊಣೆ ಹೊತ್ತ ಯಾವ ಸರ್ಕಾರವೂ ಹಾಗೆ ಹೇಳಲಾರದು. ಅಪಾಯಕಾರಿ ಅಪರಾಧಿಯನ್ನು ಸಮಾಜದಿಂದ ದೂರವಿಡಲು ಬೇರೆ ಉಪಾಯ ಸದ್ಯಕ್ಕೆ ಕಾಣುತ್ತಿಲ್ಲ. ಆದರೆ ದಂಡದ ಹಣವನ್ನು ಹಿಂದಿರುಗಿಸಬಹುದು, ಸೆರೆಯಲ್ಲಿ ಕಳೆದ ದಿನವನ್ನು ಹಿಂದಿರುಗಿಸಲಾಗದು. ಆದ್ದರಿಂದ ಸಾಬೀತಾಗುವ ಮುನ್ನ ಸೆರೆ ಅಪರೂಪವಾಗಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಮಾತನ್ನು ಸ್ನೇಹಲತಾ ತಮ್ಮ ನಡೆಯಿಂದ ತೋರಿಸಿದರು. ತಪ್ಪು ಸಂಭವಿಸಬಹುದೆಂದು ಒಪ್ಪಿದ ಮೇಲೆ, ಒಳಗಿರುವವರಲ್ಲಿ ನಿರಪರಾಧಿಯೂ ಇದ್ದಾನೆ ಎಂದು ಭಾವಿಸಿಯೇ ಸೆರೆಮನೆಯನ್ನು ನಡೆಸಬೇಕು. ಔಷಧ, ಗಾಳಿ, ಅನ್ನ, ಘನತೆ ಇವುಗಳನ್ನು ಆಗ ಯಾರಿಗೂ ನಿರಾಕರಿಸುವಂತಿಲ್ಲ.

ಕೇಂದ್ರ ಕಾರಾಗೃಹ 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡಿತು. ಬಿ.ಟಿ.ಎಂ. ಬಡಾವಣೆ ದಾಟಿ ಸಿಲ್ಕ್ ಬೋರ್ಡ್ ವೃತ್ತದಿಂದ ಹೊಸೂರು ರಸ್ತೆ ಹಿಡಿದು ನಿತ್ಯ ಕೆಲಸಕ್ಕೆ ಹೋಗುವ ಸಾವಿರಾರು ಮಂದಿ ಅದರ ಹತ್ತಿರದಲ್ಲೇ ಹಾದುಹೋಗುತ್ತಾರೆ. ಹಳೆಯ ಜೈಲಿನ ಆವರಣ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಇಂದು ನಗರದ ಪ್ರತಿಭಟನೆಗಳೆಲ್ಲ ಅಲ್ಲಿಯೇ ನಡೆಯುತ್ತವೆ. ಅಲ್ಲಿ ಕೂಗುವ ಘೋಷಣೆಗಳ ನಡುವೆ, ತೀರ್ಪಿಲ್ಲದೆ ಅದೇ ನೆಲದಲ್ಲಿ ಸೆರೆಯಿದ್ದ ಚಂದ್ರಿಯನ್ನೂ ಒಮ್ಮೆ ನೆನೆಯುವುದು ಈ ನಗರ ಆಕೆಗೆ ಸಲ್ಲಿಸಬೇಕಾದ ಋಣ.