ಶ್ರೀ ಶಾಂತಿಸಾಗರ ಮಹಾರಾಜರ ಸಣ್ಣ ನಿಯಮಗಳು

ಬೆಳಗಾವಿ ಜಿಲ್ಲೆಯ ಇಂದಿನ ನಿಪ್ಪಾಣಿ ತಾಲ್ಲೂಕಿನಲ್ಲಿ, ವೇದಗಂಗಾ ದೂಧಗಂಗಾ ನದಿಗಳು ಒಂದಾಗುವ ಎಡೆಗೆ ಸಮೀಪವಾಗಿ ಭೋಜ ಎಂಬ ಗ್ರಾಮವಿದೆ. ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಕೇಳಿಬರುವ ಗಡಿನಾಡು ಅದು. ಆ ಊರಿನ ಪಾಟೀಲ ಮನೆತನದ ಭೀಮಗೌಡರಿಗೂ ಸತ್ಯವತಿಯವರಿಗೂ 1872ರಲ್ಲಿ ಯಳಗೂಡಿನಲ್ಲಿ ಹುಟ್ಟಿದ ಮಗುವಿಗೆ ಸಾತಗೌಡ ಎಂದು ಹೆಸರಿಟ್ಟರು. ಆ ಸಾತಗೌಡರೇ ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರೆಂದು ಭಾರತದಾದ್ಯಂತ ಪೂಜ್ಯರಾದರು. ಅವರ ಹೆಸರು ಕೇಳಿದೊಡನೆ ಶ್ರಾವಕರ ಕಣ್ಣೆದುರು ನಿಲ್ಲುವುದು ಕುಂಥಲಗಿರಿಯ ಮೂವತ್ತಾರು ದಿನಗಳ ಸಲ್ಲೇಖನ. ಅದು ಸಹಜವೇ. ಆದರೆ ಆ ಮೂವತ್ತಾರು ದಿನಗಳು ಒಮ್ಮೆಗೇ ಬಂದುವಲ್ಲ. ಅವುಗಳ ಹಿಂದೆ ಒಬ್ಬ ಗೃಹಸ್ಥನು ತನ್ನ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಒಂದೊಂದಾಗಿ ಕೈಗೊಂಡ ಸಣ್ಣ ನಿಯಮಗಳ ದೀರ್ಘ ಸಾಲಿದೆ.

ಆ ಕಾಲದ ರೂಢಿಯಂತೆ ಸಾತಗೌಡರಿಗೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಎಳೆಯ ಬಾಲಿಕೆ ತೀರಿಕೊಂಡಳು. ಪ್ರಾಯಕ್ಕೆ ಬಂದ ಮೇಲೆ ಮನೆಯವರು ಮತ್ತೆ ವಿವಾಹದ ಮಾತನ್ನೆತ್ತಿದಾಗ ಅವರು ಒಪ್ಪಲಿಲ್ಲ, ಬ್ರಹ್ಮಚರ್ಯವನ್ನು ಸ್ವೀಕರಿಸಿದರು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿಯೇ ಮುನಿಯಾಗಬೇಕೆಂಬ ಹಂಬಲವಿತ್ತು. ತಂದೆತಾಯಿಗಳು ತಾವು ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ಕೇಳಿಕೊಂಡರು. ಸಾತಗೌಡರು ಆ ಮಾತಿಗೆ ತಲೆಬಾಗಿದರು. ಹೀಗೆ ಎರಡು ದಶಕಗಳಿಗೂ ಮೀರಿದ ಕಾಲ ಅವರು ಮನೆಯಲ್ಲಿಯೇ ಉಳಿದರು. ಚರಿತ್ರಕಾರರು ಈ ವರ್ಷಗಳನ್ನು ಬೇಗ ದಾಟಿ ದೀಕ್ಷೆಯ ಪ್ರಸಂಗಕ್ಕೆ ಹೋಗುವುದುಂಟು. ಸಂಸಾರದಲ್ಲಿರುವ ವಾಚಕರಿಗಾದರೋ ಕಲಿಯಬೇಕಾದುದು ಹೆಚ್ಚಾಗಿ ಇಲ್ಲಿಯೇ ಇದೆ.

ಮನೆಯಲ್ಲಿ ವ್ರತದ ಗಾಳಿ ಮೊದಲೇ ಇತ್ತು. ತಂದೆ ಭೀಮಗೌಡರು ಹದಿನಾರು ವರ್ಷ ದಿನಕ್ಕೊಂದೇ ಹೊತ್ತು ಊಟಮಾಡಿದವರು. ಊರ ಪಾಟೀಲರು, ದೃಢಕಾಯರು, ನಾಲ್ಕು ಜನರ ಮೇಲೆ ಅಧಿಕಾರವಿದ್ದವರು ಹೀಗೆ ತಟ್ಟೆಯ ಮುಂದೆ ಸಂಯಮದಿಂದಿರುವುದನ್ನು ಮಕ್ಕಳು ದಿನವೂ ನೋಡಿದರು. ಅಣ್ಣಂದಿರಲ್ಲಿ ಒಬ್ಬರಾದ ದೇವಗೌಡರೂ ಮುಂದೆ ವರ್ಧಮಾನಸಾಗರ ಮುನಿಗಳಾದರೆಂಬುದನ್ನು ನೆನೆದರೆ, ಆ ಮನೆಯ ಅಡುಗೆಯ ಕೋಣೆಯೇ ಮಕ್ಕಳ ಮೊದಲ ಪಾಠಶಾಲೆಯಾಗಿತ್ತೆನ್ನಬೇಕು.

ಮನೆಯವರ ಬಟ್ಟೆಯ ಅಂಗಡಿಯನ್ನು ತಮ್ಮ ಕುಂಗೌಡರು ನೋಡಿಕೊಳ್ಳುತ್ತಿದ್ದರು. ಅವರಿಲ್ಲದಾಗ ಸಾತಗೌಡರು ಗದ್ದಿಗೆಯ ಮೇಲೆ ಕುಳಿತುಕೊಳ್ಳಬೇಕಾಗುತ್ತಿತ್ತು. ಗಿರಾಕಿ ಬಂದರೆ ಬೇಕಾದ ಬಟ್ಟೆಯನ್ನು ಅವನೇ ಆರಿಸಿಕೊಂಡು, ಅವನೇ ಅಳೆದು ಹರಿದುಕೊಂಡು, ಹಣವನ್ನಿಟ್ಟು ಹೋಗಬೇಕು. ಸಾಲವಾದರೆ ಪುಸ್ತಕದಲ್ಲಿ ತಾನೇ ಬರೆದಿಡಬೇಕು. ಗದ್ದಿಗೆಯ ಮೇಲಿದ್ದವರು ಶಾಸ್ತ್ರಗ್ರಂಥದಲ್ಲಿ ಮುಳುಗಿರುತ್ತಿದ್ದರು. ವ್ಯಾಪಾರದ ದೃಷ್ಟಿಯಿಂದ ಇದನ್ನು ಜಾಣತನವೆನ್ನಲಾಗದು. ಎಲ್ಲರೂ ಹೀಗೆ ಅಂಗಡಿ ನಡೆಸಲೂ ಆಗದು. ಆದರೂ ಭೋಜದ ಜನ ಅವರ ನಂಬಿಕೆಯನ್ನು ಉಳಿಸಿಕೊಂಡರು ಎಂಬುದು ಆ ಊರಿಗೇ ಶೋಭೆ ತರುವ ಸಂಗತಿ.

ಹೊಲದಲ್ಲಿಯೂ ಹೀಗೆಯೇ. ಬೆಳೆ ತೆನೆಗೂಡಿದಾಗ ರೈತರು ಅಟ್ಟಣೆ ಕಟ್ಟಿ, ಕವಣೆ ಬೀಸಿ ಹಕ್ಕಿಗಳನ್ನು ಓಡಿಸುವುದು ವಾಡಿಕೆ. ಸಾತಗೌಡರು ಓಡಿಸಲಿಲ್ಲ. ಕಾಳು ತಿಂದ ಹಕ್ಕಿಗಳಿಗೆ ಬಾಯಾರಿಕೆಯಾದೀತೆಂದು ಹೊಲದಲ್ಲಿ ನೀರನ್ನೂ ಇಡಿಸಿದರು. ನೆರೆಹೊಲದವರು ತಮ್ಮ ಹಕ್ಕಿಗಳನ್ನೂ ಇತ್ತ ಅಟ್ಟತೊಡಗಿದರಂತೆ. ಹಾಗಿದ್ದೂ ಆ ಹೊಲದ ಫಸಲು ಕಡಿಮೆಯಾಗಲಿಲ್ಲವೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅದನ್ನು ನಂಬುವುದೂ ಬಿಡುವುದೂ ಓದುವವರ ಶ್ರದ್ಧೆಗೆ ಸೇರಿದ್ದು. ನಷ್ಟವಾಗುತ್ತದೆಂದು ತಿಳಿದೂ ಅವರು ಹಕ್ಕಿಗಳನ್ನು ಬಿಟ್ಟುಕೊಂಡರು ಎಂಬಷ್ಟರಲ್ಲಿ ಮಾತ್ರ ಸಂದೇಹವಿಲ್ಲ.

ಮೂವತ್ತೆರಡನೆಯ ವಯಸ್ಸಿನಲ್ಲಿ ಶ್ರೀ ಸಮ್ಮೇದಶಿಖರಜಿಯ ಯಾತ್ರೆಯಾಯಿತು. ಬೆಟ್ಟವನ್ನೇರಲಾರದೆ ಕುಸಿದ ಒಬ್ಬ ವೃದ್ಧೆಯನ್ನು ಅವರು ತಮ್ಮ ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರು. ಆ ಪವಿತ್ರ ಗಿರಿಯಲ್ಲಿ ತಮಗಾಗಿ ಅವರು ತೆಗೆದುಕೊಂಡ ನಿಯಮವೇನೆಂದರೆ, ಜೀವಾವಧಿ ತುಪ್ಪ ಮತ್ತು ಎಣ್ಣೆಯ ತ್ಯಾಗ. ಊರಿಗೆ ಮರಳಿದ ಮೇಲೆ ದಿನಕ್ಕೆ ಒಂದೇ ಹೊತ್ತಿನ ಊಟ.

ತುಪ್ಪ, ಎಣ್ಣೆ ಬಿಡುವುದು ಕೇಳುವುದಕ್ಕೆ ಸಣ್ಣ ಮಾತು. ಅಡುಗೆ ಮಾಡುವ ತಾಯಂದಿರಿಗೆ ಅದರ ತೂಕ ಗೊತ್ತು. ಒಗ್ಗರಣೆಯಿಲ್ಲ, ಕರಿದದ್ದಿಲ್ಲ, ಹಬ್ಬದ ಹೋಳಿಗೆಗೆ ತುಪ್ಪವಿಲ್ಲ. ಜೋಳದ ರೊಟ್ಟಿಯ ಜೊತೆಗೆ ಎಣ್ಣೆ ಕಾಣದ ಪಲ್ಯ. ಒಂದು ದಿನದ ಉಪವಾಸ ಸಂಜೆಗೆ ಅಥವಾ ಮರುದಿನಕ್ಕೆ ಮುಗಿಯುತ್ತದೆ, ಬಂಧುಗಳು ಮೆಚ್ಚುತ್ತಾರೆ, ಪಾರಣೆಯ ಸಂಭ್ರಮವಿದೆ. ಇಂಥ ರಸತ್ಯಾಗಕ್ಕೆ ಪಾರಣೆಯೂ ಇಲ್ಲ, ಮೆಚ್ಚುವವರೂ ಇಲ್ಲ. ದಿನವೂ ತಟ್ಟೆಯ ಮುಂದೆ ಕುಳಿತಾಗ ಅದು ಹೊಸದಾಗಿ ಎದುರಾಗುತ್ತದೆ. ಸಾತಗೌಡರು ಇಪ್ಪತ್ತು ವರ್ಷದ ಮೇಲೆ ಪೀಠವನ್ನೇರುವ ಆಚಾರ್ಯರೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅವರು ಮನೆಯ ಒಬ್ಬ ಮಗ, ಮಾಡಿದ ಅಡುಗೆಯಲ್ಲಿ ಎರಡು ಪದಾರ್ಥಗಳನ್ನು ದೂರ ಸರಿಸುವ ಮಗ, ಅಷ್ಟೆ.

ಇಂದು ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ಶ್ರಾವಕ ಕುಟುಂಬಗಳಲ್ಲಿ ಚಾತುರ್ಮಾಸ ಬಂದಾಗ ಇಂಥ ನಿಯಮಗಳ ಪ್ರಸ್ತಾಪವಾಗುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ಬಿಡುವುದು, ಭಾದ್ರಪದದಲ್ಲಿ ಬೇಕರಿಯ ತಿಂಡಿ ಬಿಡುವುದು, ನಾಲ್ಕು ತಿಂಗಳು ಕಾಫಿ ಬಿಡುವುದು. ಕೆಂಗೇರಿಯ ಮನೆಗೆ ಮೆಜೆಸ್ಟಿಕ್ಕಿನಿಂದ ಬಸ್ಸು ಹಿಡಿದು ಹೊರಟವರಿಗೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು ಸುಲಭವಲ್ಲ. ಕಚೇರಿಯಲ್ಲಿಯೇ ಡಬ್ಬಿ ಬಿಚ್ಚುವವರಿದ್ದಾರೆ. ಇವನ್ನು ಅಲ್ಪವೆಂದು ನಗುವವರೂ ಇದ್ದಾರೆ. ಆಚಾರ್ಯರ ಗೃಹಸ್ಥಜೀವನವನ್ನು ಬಲ್ಲವರು ಹಾಗೆ ನಗಲಾರರು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿಗೆ ತಕ್ಕಷ್ಟು ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಿದೆ. ಔಷಧ ಸೇವಿಸುವ ರೋಗಿಗಳು, ಗರ್ಭಿಣಿಯರು, ಮಧುಮೇಹವುಳ್ಳವರು ಹುರುಪಿನಿಂದ ನಿರಾಹಾರ ಉಪವಾಸಕ್ಕೆ ತೊಡಗಿ ಅಪಾಯ ತಂದುಕೊಳ್ಳುವುದಕ್ಕಿಂತ ಒಂದು ರಸವನ್ನೋ ಒಂದು ತಿಂಡಿಯನ್ನೋ ಬಿಡುವುದು ಶಾಸ್ತ್ರಕ್ಕೂ ಸಮ್ಮತ, ವೈದ್ಯರಿಗೂ ಸಮ್ಮತ.

ಭೋಜಕ್ಕೆ ಆದಿಸಾಗರ ಮುನಿಗಳು ಬಂದಾಗ ಆಹಾರದಾನವಾದ ಮೇಲೆ ಸಾತಗೌಡರು ಅವರನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ನದಿಯನ್ನು ದಾಟಿಸುತ್ತಿದ್ದರು. ಅಂಥ ದೇಹಬಲ ಅವರದು. ಅವರ ಮಿತಾಹಾರ ದುರ್ಬಲನ ಮಿತಾಹಾರವಲ್ಲ ಎಂಬುದಕ್ಕೆ ಈ ಸಂಗತಿ ಸಾಕ್ಷಿ.

1912ರ ಹೊತ್ತಿಗೆ ತಂದೆತಾಯಿಗಳಿಬ್ಬರೂ ಕಾಲವಾದರು. ಕೊಟ್ಟ ಮಾತು ತೀರಿತು. ದೇವೇಂದ್ರಕೀರ್ತಿ ಮಹಾರಾಜರಿಂದ ಕ್ಷುಲ್ಲಕ ದೀಕ್ಷೆಯಾಯಿತು. ಗಿರನಾರದಲ್ಲಿ ನೇಮಿನಾಥ ಸ್ವಾಮಿಯ ಸನ್ನಿಧಿಯಲ್ಲಿ ಐಲಕರಾದರು. ವಾಹನವನ್ನು ಬಿಟ್ಟರು. 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ಮುನಿದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯ ಪದ.

ಆ ಕಾಲದಲ್ಲಿ ದಕ್ಷಿಣದಲ್ಲಿದ್ದ ಕೆಲವೇ ಮುನಿಗಳಲ್ಲಿ ಹಲವರು ಊರೊಳಗೆ ಬರುವಾಗ ಬಟ್ಟೆ ಹೊದೆಯುತ್ತಿದ್ದರು; ಯಾರ ಮನೆಯಲ್ಲಿ ಆಹಾರವೆಂಬುದನ್ನು ಬಸದಿಯ ಉಪಾಧ್ಯಾಯರು ಮೊದಲೇ ನಿಶ್ಚಯಿಸುತ್ತಿದ್ದರು. ಕಾಲದ ಒತ್ತಡದಿಂದ ಬಂದ ಸಡಿಲಿಕೆ ಅದು. ಶಾಂತಿಸಾಗರರು ಒಪ್ಪಲಿಲ್ಲ. ನಿಶ್ಚಿತ ಮನೆಗೆ ಹೋಗದೆ, ಮನಸ್ಸಿನಲ್ಲಿ ಸಂಕಲ್ಪ ಮಾಡಿಕೊಂಡು ಹೊರಟು, ಅದು ಕೂಡಿಬಂದ ಮನೆಯಲ್ಲಿ ನಿಂತರು. ಕೂಡಿಬರದಿದ್ದರೆ ಅಂದು ಉಪವಾಸ. ಯಾರನ್ನೂ ನಿಂದಿಸದೆ ತಾವು ಶಾಸ್ತ್ರದಂತೆ ನಡೆದು ತೋರಿದರು. ಕ್ರಮೇಣ ಇತರರೂ ಅದೇ ದಾರಿಗೆ ಬಂದರು. ಇಂದು ಯಾವ ಊರಿನಲ್ಲಾದರೂ ಮುನಿಗಳ ಆಹಾರಚರ್ಯೆ ಯಥಾವಿಧಿಯಾಗಿ ನಡೆಯುತ್ತಿದ್ದರೆ ಅದರಲ್ಲಿ ಈ ಭೋಜದ ಗೌಡರ ಪಾಲು ದೊಡ್ಡದು.

ಸುರಕ್ಷತೆಯ ವಿಷಯದಲ್ಲಿ ಅವರ ನಡೆ ಯೋಚನೆಗೆ ಹಚ್ಚುವಂಥದು. ಬೆಳಗಾವಿ ಸೀಮೆಯಲ್ಲಿ ಧ್ಯಾನಕ್ಕೆ ಕುಳಿತಿದ್ದಾಗ ದೊಡ್ಡ ಸರ್ಪವೊಂದು ಮೈಗೆ ಸುತ್ತಿಕೊಂಡು ಬಹಳ ಹೊತ್ತು ಇದ್ದು ತಾನಾಗಿ ಇಳಿದುಹೋಯಿತೆಂಬ ಪ್ರಸಂಗ ಮನೆಮನೆಗೂ ಗೊತ್ತು. 1928ರಲ್ಲಿ ಸಂಘದೊಡನೆ ಶಿಖರಜಿಗೆ ಹೋಗಿ, ಮುಂದೆ ಉತ್ತರದಲ್ಲಿ ವಿಹರಿಸುತ್ತಿದ್ದಾಗ, ಧೋಲ್ಪುರ ಸಂಸ್ಥಾನದ ರಾಜಾಖೇಡಾದಲ್ಲಿ ಆಯುಧಗಳನ್ನು ಹಿಡಿದ ಗುಂಪೊಂದು ಸಂಘದ ಮೇಲೆ ಏರಿಬಂದಿತು. ಶ್ರಾವಕರು ತಡೆದರು, ಪೊಲೀಸರು ಬಂದು ಹಲವರನ್ನು ಹಿಡಿದರು. ಆಚಾರ್ಯರು ಹಿಡಿದವರನ್ನು ಬಿಡಿಸುವವರೆಗೆ ಆಹಾರಕ್ಕೆ ಹೊರಡುವುದಿಲ್ಲವೆಂದು ನಿಂತರು. ತಮ್ಮ ದೆಸೆಯಿಂದ ಅವರು ಸೆರೆಯಲ್ಲಿರುವಾಗ ತಾವು ಉಣ್ಣುವುದು ಅವರಿಗೆ ಸಲ್ಲದಾಗಿತ್ತು.

ತಮ್ಮ ದೇಹದ ಬಗೆಗೆ ಇಷ್ಟು ನಿಶ್ಚಿಂತರಾದವರು ಮುನಿಧರ್ಮದ ರಕ್ಷಣೆಯ ಬಗೆಗೆ ಎಷ್ಟು ಎಚ್ಚರಿಕೆಯುಳ್ಳವರಾಗಿದ್ದರೆಂಬುದಕ್ಕೆ ದೆಹಲಿಯ ಸಂಗತಿ ಸಾಕು. 1931ರ ಚಾತುರ್ಮಾಸ ಅಲ್ಲಿ. ದಿಗಂಬರ ಮುನಿಗಳು ನಗರದ ಕೆಲವು ಬೀದಿಗಳಲ್ಲಿ ಸಂಚರಿಸಬಾರದೆಂಬ ನಿರ್ಬಂಧವಿತ್ತು. ಆಚಾರ್ಯರು ತಾವೇ ಆ ಬೀದಿಗಳಲ್ಲಿ ನಡೆದರು. ಕೆಂಪು ಕೋಟೆಯೇ ಮೊದಲಾದ ಪ್ರಸಿದ್ಧ ಸ್ಥಳಗಳ ಮುಂದೆ ತಮ್ಮ ಛಾಯಾಚಿತ್ರ ತೆಗೆಯಿಸಿದರು. ಛಾಯಾಚಿತ್ರದ ಹಂಬಲ ಅವರಿಗೆಲ್ಲಿಯದು? ದಿಗಂಬರ ಮುನಿಗಳು ಇಲ್ಲಿ ಎಂದೂ ನಡೆದಿರಲಿಲ್ಲವೆಂದು ಮುಂದೆ ಯಾರೂ ಹೇಳದಿರಲೆಂದು ಅವರು ಸಾಕ್ಷಿಯನ್ನು ಉಳಿಸಿದರು. ಮೂಡಬಿದಿರೆಯ ತಾಳೆಯೋಲೆಗಳಲ್ಲಿ ಕನ್ನಡ ಲಿಪಿಯಲ್ಲಿ ಉಳಿದುಬಂದ ಧವಲಾದಿ ಸಿದ್ಧಾಂತಗ್ರಂಥಗಳನ್ನು ಹುಳುವಿಗೆ ತುತ್ತಾಗದಂತೆ ತಾಮ್ರಪತ್ರಗಳ ಮೇಲೆ ಕೊರೆಯಿಸಿದುದೂ ಇದೇ ದೂರದೃಷ್ಟಿಯಿಂದ.

1947ರಲ್ಲಿ ಮುಂಬಯಿ ಪ್ರಾಂತದಲ್ಲಿ ಹರಿಜನರ ದೇವಾಲಯ ಪ್ರವೇಶದ ಕಾಯಿದೆ ಬಂದಿತು. ಅದರಲ್ಲಿ ಹಿಂದೂಗಳೆಂಬ ಪದದೊಳಗೆ ಜೈನರನ್ನೂ ಸೇರಿಸಲಾಗಿತ್ತು. ಜೈನಧರ್ಮದ ಸ್ವತಂತ್ರ ಅಸ್ತಿತ್ವಕ್ಕೆ ಇದರಿಂದ ಚ್ಯುತಿಯೆಂದು ಭಾವಿಸಿದ ಆಚಾರ್ಯರು ವಿಷಯ ಇತ್ಯರ್ಥವಾಗುವವರೆಗೆ ಅನ್ನಾಹಾರವನ್ನು ತ್ಯಜಿಸಿದರು. ಅಸ್ಪೃಶ್ಯತೆಯ ಪ್ರಶ್ನೆಯೂ ಹೆಣೆದುಕೊಂಡಿದ್ದ ಆ ವಿವಾದದ ಬಗೆಗೆ ಜೈನ ಸಮಾಜದಲ್ಲಿಯೇ ಅಂದು ಭಿನ್ನಾಭಿಪ್ರಾಯವಿತ್ತು. ಇಂದಿನವರೆಲ್ಲ ಅದನ್ನು ಒಂದೇ ಕಣ್ಣಿನಿಂದ ನೋಡಲಾರರು, ನೋಡಬೇಕೆಂಬ ನಿರ್ಬಂಧವೂ ಇಲ್ಲ. ಇಲ್ಲಿ ಗಮನಿಸಬೇಕಾದುದು ನಿಯಮದ ನಿರ್ವಾಹ. 1951ರ ಜುಲೈ 24ರಂದು ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆ, ಆಗಸ್ಟ್ 16ರ ರಕ್ಷಾಬಂಧನದಂದು ಅವರು ಮತ್ತೆ ಧಾನ್ಯ ಸ್ವೀಕರಿಸಿದರು. ಅಷ್ಟರಲ್ಲಿ 1105 ದಿನಗಳು ಕಳೆದಿದ್ದುವು. ವಯಸ್ಸು ಎಂಬತ್ತರ ಸಮೀಪ. ಮೂವತ್ತೆರಡನೆಯ ವಯಸ್ಸಿನಲ್ಲಿ ಎಣ್ಣೆ, ತುಪ್ಪ ಬಿಟ್ಟ ನಾಲಗೆಯಾದ್ದರಿಂದಲೇ ಎಪ್ಪತ್ತಾರನೆಯ ವಯಸ್ಸಿನಲ್ಲಿ ಧಾನ್ಯ ಬಿಡುವುದು ಸಾಧ್ಯವಾಯಿತೆಂದು ತೋರುತ್ತದೆ. ಮೂವತ್ತೈದು ವರ್ಷಗಳ ಮುನಿಜೀವನದಲ್ಲಿ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿದ ದಿನಗಳು ಉಪವಾಸದಲ್ಲಿ ಸಂದುವೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ.

ಕೊನೆಗೆ ಕಣ್ಣು ಸೋತಿತು. ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿ. ಇರುವೆ, ಹುಳು, ಮೊಳಕೆ ಯಾವುದೂ ಕಾಲಡಿಗೆ ಸಿಗಬಾರದು. ಆಹಾರದಲ್ಲಿ ಜೀವವಿದೆಯೇ ಎಂದು ನೋಡುವುದಕ್ಕೂ, ಪಿಂಛಿಯಿಂದ ನೆಲವನ್ನು ಶೋಧಿಸುವುದಕ್ಕೂ ದೃಷ್ಟಿ ಬೇಕು. ಕಣ್ಣಿಲ್ಲದವನು ಇತರರ ಕೈಹಿಡಿದು ಸುರಕ್ಷಿತವಾಗಿ ನಡೆಯಬಹುದು. ಅವನ ಕಾಲಡಿಯ ಜೀವಗಳಿಗೆ ಆ ಸುರಕ್ಷತೆಯಿಲ್ಲ. ತಮ್ಮಿಂದ ಇತರ ಜೀವಗಳ ರಕ್ಷಣೆ ಇನ್ನು ಸಾಧ್ಯವಿಲ್ಲವೆಂದು ನಿಶ್ಚಯವಾದಾಗ, ಆ ದೇಹವನ್ನು ಪೋಷಿಸುವ ಕಾರ್ಯ ಮುಗಿಯಿತೆಂದು ಆಚಾರ್ಯರು ತೀರ್ಮಾನಿಸಿದರು. ರಾತ್ರಿ ದೀಪದ ಕೆಳಗೆ ಉಣ್ಣುವುದನ್ನು ಬಿಡುವ ಗೃಹಸ್ಥನ ಸಣ್ಣ ನಿಯಮದ ಹಿಂದಿರುವುದೂ ಇದೇ ಕಳವಳವಲ್ಲವೇ?

ಕುಲಭೂಷಣ ದೇಶಭೂಷಣ ಮುನಿಗಳು ಮುಕ್ತರಾದ ಸಿದ್ಧಕ್ಷೇತ್ರ ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಅವರು ಯಮಸಲ್ಲೇಖನವನ್ನು ಸ್ವೀಕರಿಸಿದರು. ನಿಯಮಕ್ಕೆ ಅವಧಿಯುಂಟು, ಯಮಕ್ಕೆ ಇಲ್ಲ. ಆಚಾರ್ಯ ಪದವನ್ನು ಜಯಪುರದಲ್ಲಿದ್ದ ಪ್ರಥಮ ಶಿಷ್ಯ ವೀರಸಾಗರ ಮುನಿಗಳಿಗೆ ಒಪ್ಪಿಸಿದರು. ಮೊದಲು ನೀರನ್ನು ಮಾತ್ರ, ಅದನ್ನೂ ಕೆಲವೊಮ್ಮೆ ಮಾತ್ರ ತೆಗೆದುಕೊಳ್ಳುತ್ತಿದ್ದವರು ಸೆಪ್ಟೆಂಬರ್ ಮೊದಲ ವಾರದ ನಂತರ ಅದನ್ನೂ ಬಿಟ್ಟರು. ಇಪ್ಪತ್ತಾರನೆಯ ದಿನ, ಸೆಪ್ಟೆಂಬರ್ 8ರಂದು, ಮರಾಠಿಯಲ್ಲಿ ಇಪ್ಪತ್ತೆರಡು ನಿಮಿಷ ಉಪದೇಶ ಮಾಡಿದರು, ಅದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಸೆಪ್ಟೆಂಬರ್ 18, ಭಾದ್ರಪದ ಶುಕ್ಲ ದ್ವಿತೀಯೆ, ಭಾನುವಾರ. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಆ ಉಸಿರು ನಿಂತಿತು.