ಅವಸರದ ಶಂಕರ, ಆಗುಂಬೆಯ ಮಾಲ್ಗುಡಿ

ಆಟೋ ಹಿಂದೆ ಫೋಟೋ ಇದೆ. ಸ್ಟ್ಯಾಂಡಿಗೆ ಹೆಸರಿದೆ. ನವೆಂಬರ್ ಬಂತೆಂದರೆ ಕನ್ನಡ ಬಾವುಟದ ಪಕ್ಕದಲ್ಲೇ ಆ ಮುಖಕ್ಕೂ ಒಂದು ಹಾರ ಬೀಳುತ್ತದೆ. ಶಂಕರ್‌ನಾಗ್ ಹೋಗಿ ಮೂರೂವರೆ ದಶಕವಾಯಿತು. ಆತ ಹೋದ ಮೇಲೆ ಹುಟ್ಟಿದ ಹುಡುಗರೇ ಈಗ ಆಟೋ ಓಡಿಸ್ತಿದ್ದಾರೆ. ಅವರಿಗೂ ಆತ ಶಂಕ್ರಣ್ಣನೇ.

ಆದರೆ ಆಟೋ ಹಿಂದಿನ ಶಂಕ್ರಣ್ಣ ಅರ್ಧ ಮಾತ್ರ. ಉಳಿದರ್ಧ ನಮ್ಮ ತೀರ್ಥಹಳ್ಳಿ ತಾಲೂಕಿನ ಆಗುಂಬೆ ಬೀದಿಯಲ್ಲಿದೆ, ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿದೆ. ಆ ಅರ್ಧ ಸ್ವಲ್ಪ ಮರೆತುಹೋಗಿದೆ. ಫೈಟಿಂಗ್ ಇರಲಿಲ್ಲ ನೋಡಿ, ಅದಕ್ಕೇ ಇರಬೇಕು.

ಹುಟ್ಟಿದ್ದು 1954ರ ನವೆಂಬರ್ 9, ಉತ್ತರ ಕನ್ನಡದ ಹೊನ್ನಾವರದ ಕಡೆಯ ಮಲ್ಲಾಪುರ. ಮನೆಮಾತು ಕೊಂಕಣಿ, ಮನೆತನದ ಹೆಸರು ನಾಗರಕಟ್ಟೆ. ಸಿನಿಮಾಕ್ಕೆ ಬಂದಾಗ ಅಣ್ಣ ಅನಂತ, ತಮ್ಮ ಶಂಕರ ಇಬ್ಬರೂ ಕಟ್ಟೆ ಬಿಟ್ಟು ನಾಗ್ ಉಳಿಸಿಕೊಂಡರು. ಘಟ್ಟದ ಕೆಳಗಿನ ಎಷ್ಟೋ ಹುಡುಗರ ಹಾಗೆ ಬೊಂಬಾಯಿಗೆ ಹೋದ. ಅಲ್ಲಿ ಮರಾಠಿ ನಾಟಕದ ಹುಚ್ಚು ಹತ್ತಿತು. ನಟನೆ ಒಂದೇ ಅಲ್ಲ, ಬರೆಯೋದು, ಆಡಿಸೋದು, ತೆರೆಯ ಹಿಂದಿನ ಕೆಲಸ, ಎಲ್ಲ ಕಲಿತದ್ದು ಅಲ್ಲೇ. ಮುಂದೆ ಹೆಂಡತಿಯಾದ ಅರುಂಧತಿ ಅವರ ಪರಿಚಯ ಆದದ್ದೂ ನಾಟಕದಲ್ಲೇ.

ಕನ್ನಡಕ್ಕೆ ಕರೆತಂದದ್ದು ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ'. ವರ್ಷ 1978. ಕತ್ತಿವರಸೆ ಬಲ್ಲ ಬಾಡಿಗೆ ಬಂಟನ ಪಾತ್ರ. ಎದುರಿಗೆ ಸುಂದರ್‌ಕೃಷ್ಣ ಅರಸರಂಥ ಆನೆ. ಮೊದಲ ಚಿತ್ರದಲ್ಲೇ, 24ರ ಹುಡುಗನಿಗೆ ದಿಲ್ಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ. ಇನ್ನೊಬ್ಬನಾಗಿದ್ದರೆ ಆ ಪ್ರಶಸ್ತಿ ಗೋಡೆಗೆ ನೇತುಹಾಕಿ, ಕಲಾತ್ಮಕ ಚಿತ್ರ ಬಿಟ್ಟು ಬೇರೆ ಮಾಡೋದಿಲ್ಲ ಅಂತ ಕೂತುಬಿಡುತ್ತಿದ್ದ. ಶಂಕರ ಕೂರುವ ಪೈಕಿ ಅಲ್ಲ. 'ಸೀತಾರಾಮು', 'ಆಟೋ ರಾಜ' ಅಂತ ಒಂದರ ಹಿಂದೊಂದು ಬಂದವು. ಕರಾಟೆ ಕಿಂಗ್ ಎಂಬ ಬಿರುದೂ ಬಂತು. ಹನ್ನೆರಡು ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಸಿನಿಮಾ.

ನಿಜ ಹೇಳಬೇಕೆಂದರೆ ಅವುಗಳಲ್ಲಿ ಬಹಳಷ್ಟು ಈಗ ಕೂತು ನೋಡೋಕೆ ಕಷ್ಟ. ಅದೇ ಹೀರೋ, ಅದೇ ಖಳನಾಯಕ, ಅದೇ ಗೋಡೌನು. ಆದರೆ ಆ ದುಡ್ಡು ಎಲ್ಲಿಗೆ ಹೋಯಿತು ಅನ್ನೋದನ್ನ ನೋಡಬೇಕು. ನಟನಾಗಿ ದುಡಿಯುತ್ತಿದ್ದ, ಬೇರೆ ಏನನ್ನಾದರೂ ಕಟ್ಟುತ್ತಿದ್ದ. 'ಸಂಕೇತ್' ನಾಟಕ ತಂಡ ಕಟ್ಟಿದ. ಹಾಡಿನ ರೆಕಾರ್ಡಿಂಗಿಗೆ ಕನ್ನಡದವರು ಮದರಾಸಿನ ರೈಲು ಹತ್ತುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಮಾಡಿದ. 1980ರಲ್ಲಿ 'ಮಿಂಚಿನ ಓಟ' ನಿರ್ದೇಶಿಸಿದ, ಕಾರು ಕದಿಯುವವರ ಕತೆ, ಅಣ್ಣ ಅನಂತ್‌ನಾಗ್ ಜೊತೆಗೆ. ಅದಕ್ಕೆ ಏಳು ರಾಜ್ಯ ಪ್ರಶಸ್ತಿ. 'ಗೀತಾ' ಬಂತು. 'ಆಕ್ಸಿಡೆಂಟ್' ಬಂತು. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ದೊಡ್ಡ ಮನುಷ್ಯನ ಮಗನ ಕಾರು ಹತ್ತುವ ಕತೆ, ಅದನ್ನು ಬಯಲಿಗೆಳೆಯುವ ಪತ್ರಕರ್ತನಾಗಿ ಶಂಕರನೇ. ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಸಿಕ್ಕಿತು.

ಇಷ್ಟೆಲ್ಲ ಆಗುವ ಹೊತ್ತಿಗೆ ಆತನಿಗೆ ಮೂವತ್ತು.

ಆಗ ಬಂತು ಟಿ.ವಿ. 1982ರ ಏಷ್ಯನ್ ಗೇಮ್ಸ್ ಕಾಲಕ್ಕೆ ಟಿ.ವಿ.ಗೆ ಬಣ್ಣ ಬಂದಿತ್ತು. 1984ರಲ್ಲಿ 'ಹಮ್ ಲೋಗ್' ಶುರುವಾಗಿ ಧಾರಾವಾಹಿ ಅನ್ನೋ ಮಾತು ಮನೆಮಾತಾಯಿತು. ಇದ್ದದ್ದೊಂದೇ ದೂರದರ್ಶನ. ಬೀದಿಗೆ ಒಂದು ಸೆಟ್ಟು, ಸೆಟ್ಟಿಗೆ ಒಂದು ಬೀದಿ ಜನ. ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರು ಆರ್.ಕೆ. ನಾರಾಯಣ್ ಕತೆಗಳನ್ನು ಧಾರಾವಾಹಿ ಮಾಡಲು ಹೊರಟಾಗ ನಿರ್ದೇಶನಕ್ಕೆ ಶಂಕರನನ್ನು ಹಿಡಿದರು.

ನಾರಾಯಣ್ ಮೈಸೂರಿನಲ್ಲಿದ್ದವರು, ಬರೆದದ್ದು ಇಂಗ್ಲಿಷಿನಲ್ಲಿ. ಅವರ ಮಾಲ್ಗುಡಿ 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಹುಟ್ಟಿದ ಊರು. ಸರಯೂ ಎಂಬ ನದಿ, ಮೆಂಪಿ ಎಂಬ ಬೆಟ್ಟ, ಆಲ್ಬರ್ಟ್ ಮಿಷನ್ ಶಾಲೆ, ಎಲ್ಲ ಉಂಟು. ನಕಾಶೆಯಲ್ಲಿ ಮಾತ್ರ ಇಲ್ಲ. ಈ ಊರಿಗೆ ಸಿನಿಮಾದವರು ಹಿಂದೊಮ್ಮೆ ಕೈ ಹಾಕಿದ್ದರು. 1965ರ ಹಿಂದಿ 'ಗೈಡ್'. ಚಿತ್ರ ಭರ್ಜರಿ ಓಡಿತು, ಹಾಡು ಇವತ್ತಿಗೂ ಇವೆ. ಆದರೆ ದಕ್ಷಿಣದ ಸಣ್ಣ ಊರನ್ನು ಎತ್ತಿ ರಾಜಸ್ಥಾನದ ಅರಮನೆಗಳ ನಡುವೆ ಇಟ್ಟರು ಅಂತ ನಾರಾಯಣರಿಗೆ ಬೇಜಾರಾಯಿತು. ಆ ಬೇಜಾರನ್ನು ಅವರು ಬರೆದೂ ಬಿಟ್ಟರು. ಅಂಥ ಲೇಖಕರ ಊರನ್ನು ಎರಡನೇ ಸಲ ಕಟ್ಟಬೇಕು, ಅದೂ ಕರಾಟೆ ಕಿಂಗ್ ಎಂದು ಹೆಸರಾದವನು.

ಶಂಕರ ನೆಟ್ಟಗೆ ಬಂದದ್ದು ಆಗುಂಬೆಗೆ.

ಬಸ್ಸಿನಲ್ಲಿ ಉಡುಪಿಗೆ ಹೋಗುವವರಿಗೆ ಆಗುಂಬೆ ಅಂದರೆ ಘಾಟಿ ಇಳಿಯೋ ಮೊದಲು ಕಾಫಿ ಕುಡಿಯುವ ಜಾಗ, ಇಲ್ಲವೇ ಸೂರ್ಯಾಸ್ತ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಊರು. ಶೂಟಿಂಗಿನವರಿಗೆ ಮಳೆಗಿಂತ ದೊಡ್ಡ ಶತ್ರು ಬೇರೆ ಇಲ್ಲ. ಆದರೂ ಶಂಕರನ ಕಣ್ಣಿಗೆ ಬಿದ್ದದ್ದು ಉದ್ದದ ಬೀದಿ, ಹೆಂಚಿನ ಮಾಡು, ಮರದ ಕಂಬ, ಹಾದಿಹೋಕರು ಕೂರುವ ಜಗಲಿ. ಊರಿನ ಹಳೇ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಬೀದಿಗೆ ಬ್ರಿಟಿಷರ ಕಾಲ ಬಂತು. ಕಲಾ ನಿರ್ದೇಶಕ ಜಾನ್ ದೇವರಾಜ್ ಮಾಲ್ಗುಡಿಗೆ ಬೇಕಾದ್ದನ್ನೆಲ್ಲ ಕಟ್ಟಿದರು. ಕುದುರೆ ಮೇಲೆ ಕೂತ ಸರ್ ಫ್ರೆಡರಿಕ್ ಲಾಲೀ ದೊರೆಯ ಪ್ರತಿಮೆಯೂ ಎದ್ದು ನಿಂತಿತು. ಹುಟ್ಟೇ ಇಲ್ಲದ ದೊರೆಗೆ ಆಗುಂಬೆಯಲ್ಲಿ ಪ್ರತಿಮೆ! ರೈಲು ಬೇಕಾದಾಗ ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ನಿಲ್ದಾಣಕ್ಕೆ ಮಾಲ್ಗುಡಿ ಅಂತ ಬೋರ್ಡು ಬಿತ್ತು.

ಕ್ಯಾಮೆರಾ ಎಸ್. ರಾಮಚಂದ್ರ, 'ಘಟಶ್ರಾದ್ಧ'ದ ಛಾಯಾಗ್ರಾಹಕ. ಸಂಗೀತ ಎಲ್. ವೈದ್ಯನಾಥನ್. ಆರಂಭದ ಆ ರಾಗ ಕಿವಿಗೆ ಬಿದ್ದರೆ ಇವತ್ತಿಗೂ ನಲವತ್ತು ದಾಟಿದವರು ಮಾಡೋ ಕೆಲಸ ನಿಲ್ಲಿಸುತ್ತಾರೆ. ರೇಖಾಚಿತ್ರ ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ಅಲ್ಲಿ ಅಣ್ಣ ಬರೆದದ್ದಕ್ಕೆ ತಮ್ಮನ ಗೆರೆ, ಇಲ್ಲಿ ತಮ್ಮನ ನಿರ್ದೇಶನದಲ್ಲಿ ಅಣ್ಣನ ನಟನೆ. ಎರಡು ಜೋಡಿ ಅಣ್ಣತಮ್ಮಂದಿರು ಒಂದೇ ಊರು ಕಟ್ಟಿದರು ಅನ್ನಿ.

ಪಾತ್ರ ಹಂಚಿದ ರೀತಿಯಲ್ಲೇ ಶಂಕರನ ತಲೆ ಕಾಣ್ತದೆ. ವಾರವಾರ ಹೊಸ ಕತೆ, ಹೊಸ ಮುಖ. ಹಾಗಾಗಿ ಪ್ರತಿ ಕಂತಿಗೂ ಒಬ್ಬ ಅತಿಥಿ ಬೇಕು. ಬೊಂಬಾಯಿಯ ಹಿಂದಿ ನಟರನ್ನೇ ತುಂಬಿಸಬಹುದಿತ್ತು. ದೇಶಕ್ಕೆಲ್ಲ ತೋರಿಸುವ ಹಿಂದಿ ಧಾರಾವಾಹಿ, ಯಾರೂ ತಪ್ಪು ಹೇಳುತ್ತಿರಲಿಲ್ಲ. ಆತ ಕನ್ನಡ ರಂಗಭೂಮಿಯವರನ್ನೂ ಕನ್ನಡ ಸಿನಿಮಾದವರನ್ನೂ ಸಾಲಾಗಿ ಕರೆತಂದು ಹಿಂದಿ ಮಾತಾಡಿಸಿದ. ಮೊದಲ ಹದಿಮೂರು ಕಂತು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ತಯಾರಾದವು. ರಮೇಶ್ ಭಟ್ ನಿರ್ದೇಶನದಲ್ಲಿ ಬಲಗೈ, ಬೇಕಾದಾಗ ಬಣ್ಣ ಹಚ್ಚಿ ನಟನೂ ಹೌದು.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ತಲೆ ಮೇಲೆ ಟೋಪಿ, ಕಣ್ಣಲ್ಲಿ ಭಯ ಮತ್ತು ಕಿಲಾಡಿತನ ಎರಡೂ. ಗೆಳೆಯ ರಾಜಂ ಆಗಿ ನಟ ಶ್ರೀನಾಥರ ಮಗ ರೋಹಿತ್. ತಾಯಿ ವೈಶಾಲಿ ಕಾಸರವಳ್ಳಿ. ತಂದೆ ಗಿರೀಶ್ ಕಾರ್ನಾಡ್. 1978ರಲ್ಲಿ ಶಂಕರನಿಗೆ ಕುದುರೆ ಹತ್ತಿಸಿದ ನಿರ್ದೇಶಕರೇ ಎಂಟು ವರ್ಷದ ನಂತರ ಶಂಕರ ಹೇಳಿದಂತೆ ಕರೀ ಕೋಟು ಹಾಕಿ ಮಗನಿಗೆ ಲೆಕ್ಕ ಹೇಳಿಕೊಡುವ ಅಪ್ಪನಾದರು. ಆ ಅಪ್ಪನನ್ನು ಕಂಡರೆ ಹೆದರಿಕೆಯೂ ಆಗುತ್ತೆ, ನಗುವೂ ಬರುತ್ತೆ. ಸ್ವಾಮಿ ಕತ್ತಲಿಗೆ ಹೆದರುತ್ತಾನೆಂದು ಅಪ್ಪ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತಾನೆ. ಹುಡುಗ ಹೆದರಿ ಕತ್ತಲಲ್ಲಿ ಸಿಕ್ಕಿದ ಕಾಲನ್ನು ಕಚ್ಚಿಬಿಡ್ತಾನೆ. ನೋಡಿದರೆ ಅದು ಕಳ್ಳನ ಕಾಲು! ಬೆಳಗಾಗುವಷ್ಟರಲ್ಲಿ ಹುಡುಗ ಊರಿಗೇ ಶೂರ. ಇಂಥ ಕತೆಗೆ ಜೋರಾಗಿ ನಗಿಸುವ ನಟರು ಬೇಡ, ನಗದೇ ಇರುವವರು ಬೇಕು. ಕಾರ್ನಾಡರು ಒಮ್ಮೆಯೂ ನಗುವುದಿಲ್ಲ.

ಅಣ್ಣ ಅನಂತ್‌ನಾಗ್ ಆಗ ನಲವತ್ತೂ ತುಂಬದ ಚೆಲುವ ನಾಯಕ. ತಮ್ಮ ಅವರನ್ನು ಮುದುಕ ಮಾಡಿ ಮಿಠಾಯಿ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂರಿಸಿದ. ಜಗನ್ ಎಂಬ ಗಾಂಧಿಭಕ್ತ ವ್ಯಾಪಾರಿ. ನಾಲಿಗೆ ಗೆಲ್ಲಬೇಕೆಂದು ತಾನು ಸಕ್ಕರೆ ತಿನ್ನೋದಿಲ್ಲ, ಊರಿಗೆಲ್ಲ ಸಿಹಿ ಮಾರುತ್ತಾನೆ. ಒಬ್ಬನೇ ಮಗ ಅಮೆರಿಕಕ್ಕೆ ಹೋಗಿ, ಬರುವಾಗ ಜೊತೆಗೊಬ್ಬ ಹೆಣ್ಣನ್ನೂ, ಕತೆ ಬರೆಯುವ ಯಂತ್ರದ ಕಾರ್ಖಾನೆ ಎಂಬ ಹುಚ್ಚನ್ನೂ ತರುತ್ತಾನೆ. ಬಂಡವಾಳ ಅಪ್ಪನದು. ಅಂಗಡಿ ಇಟ್ಟವರಿಗೆ, ಮಗ ದುಡ್ಡು ಕೇಳಿದ್ದನ್ನು ಕಂಡವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಅನಂತ್‌ನಾಗ್ ನೂರಾರು ಪಾತ್ರ ಮಾಡಿದ್ದಾರೆ. ಈ ಜಗನ್ ಅವುಗಳ ಮೊದಲ ಸಾಲಿನಲ್ಲಿ ನಿಲ್ಲುತ್ತಾನೆ.

ಎಲ್ಲಕ್ಕಿಂತ ಧೈರ್ಯದ ಆಯ್ಕೆ ಅಂದ್ರೆ ವಿಷ್ಣುವರ್ಧನ್. 'ಸಾಹಸ ಸಿಂಹ' ಆಗಿ ಥಿಯೇಟರಿನಲ್ಲಿ ಸೀಟಿ ಹೊಡೆಸಿಕೊಳ್ಳುತ್ತಿದ್ದ ದಿನಗಳು. ಅವರಿಗೆ ಕೊಟ್ಟ ಪಾತ್ರ ತಿಂಗಳಿಗೆ ನಲವತ್ತು ರೂಪಾಯಿ ಸಂಬಳದ ಗುಮಾಸ್ತ ವೆಂಕಟರಾವ್. ಸಂಜೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಪುಟ್ಟ ಮಗಳಿಗೆ ಮಾತು ಕೊಟ್ಟಿರ್ತಾನೆ. ಮಗು ಲಂಗ ಉಟ್ಟು, ಹೂ ಮುಡಿದು ಕಾಯುತ್ತೆ. ಇತ್ತ ಸಾಹೇಬ ಬಿಡೋದಿಲ್ಲ. ರೋಸಿಹೋಗಿ ರಾಜೀನಾಮೆ ಬರೀತಾನೆ. ಅಷ್ಟರಲ್ಲಿ ಐದು ರೂಪಾಯಿ ಬಡ್ತಿಯ ಸುದ್ದಿ. ಕಾಗದ ವಾಪಸ್ ತೆಗೆದುಕೊಂಡು ರಾತ್ರಿ ಮನೆಗೆ ಬಂದರೆ ಮಗು ಉಟ್ಟ ಬಟ್ಟೆಯಲ್ಲೇ ನಿದ್ದೆಹೋಗಿದೆ. ಅಷ್ಟೇ ಕತೆ. ಹೊಡೆದಾಟವಿಲ್ಲ, ಉದ್ದುದ್ದ ಡೈಲಾಗಿಲ್ಲ. ಅಷ್ಟು ದೊಡ್ಡ ಹೀರೋ ತಲೆ ತಗ್ಗಿಸಿ ನಿಂತದ್ದನ್ನು ನೋಡಿದವರು ಮರೆತಿಲ್ಲ. ರಾತ್ರಿ ಎಂಟಕ್ಕೆ ಬಾಗಿಲು ಹಾಕಿ ಕಡೇ ಬಸ್ಸು ಹಿಡಿಯುವವರ ಮನೆಯಲ್ಲಿ ಇದು ವಾರಕ್ಕೆರಡು ಸಲ ನಡೆಯುವ ಸಂಗತಿ.

1986ರಲ್ಲಿ ದೂರದರ್ಶನದಲ್ಲಿ ಶುರುವಾದ 'ಮಾಲ್ಗುಡಿ ಡೇಸ್' ಶಂಕರನ ಕೈಯಲ್ಲಿ 39 ಕಂತು ಕಂಡಿತು. ಉತ್ತರದ ಊರುಗಳಲ್ಲಿ ಆಟೋ ರಾಜ ಯಾರೆಂದು ಗೊತ್ತಿಲ್ಲದವರಿಗೂ ಸ್ವಾಮಿ ಗೊತ್ತಾದ. ಅದೇ ಕಾಲಕ್ಕೆ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ಒಂದು ಮುತ್ತಿನ ಕಥೆ' ಮಾಡಿದ. ಅದು 1987ರಲ್ಲಿ ತೆರೆಗೆ ಬಂತು. ನಡುನಡುವೆ 'ಸಾಂಗ್ಲಿಯಾನ' ಥರದ ಪೊಲೀಸ್ ಚಿತ್ರಗಳು. ಅದರ ನಡುವೆ ನಾಟಕ, ಕಾರ್ನಾಡರ 'ನಾಗಮಂಡಲ'. ಅದೂ ಸಾಲದೆ ಬೆಂಗಳೂರಿಗೆ ಮೆಟ್ರೋ ರೈಲು ಬೇಕು, ನಂದಿಬೆಟ್ಟಕ್ಕೆ ರೋಪ್‌ವೇ ಬೇಕು ಅಂತ ಯೋಜನೆಗಳು. ಆಗ ಇದನ್ನು ಕೇಳಿ ಎಷ್ಟು ಜನ ನಕ್ಕರೋ. ಮೆಟ್ರೋ ಬಂತು, 2011ಕ್ಕೆ. ಕೇಳಿದವನು ಹೋಗಿ ಇಪ್ಪತ್ತೊಂದು ವರ್ಷವಾಗಿತ್ತು.

1990ರ ಸೆಪ್ಟೆಂಬರ್ 30, ಬೆಳಗಿನ ಜಾವ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಸಿನಿಮಾ ಆಗುವುದಿತ್ತು, ಶೂಟಿಂಗ್ ಲೋಕಾಪುರದಲ್ಲಿ. ಅಲ್ಲಿಗೆ ಹೊರಟ ಕಾರು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಲಾರಿಗೆ ಡಿಕ್ಕಿಯಾಯಿತು. ದಾವಣಗೆರೆ ಆಗ ಇನ್ನೂ ಚಿತ್ರದುರ್ಗ ಜಿಲ್ಲೆ. ಕಾರಿನಲ್ಲಿ ಅರುಂಧತಿ ಇದ್ದರು, ಪುಟ್ಟ ಮಗಳು ಕಾವ್ಯ ಇದ್ದಳು. ಅವರಿಬ್ಬರು ಉಳಿದರು. ಅರುಂಧತಿಯವರಿಗೆ ಆದ ಪೆಟ್ಟು ಸಣ್ಣದಲ್ಲ. ಶಂಕರ ಉಳಿಯಲಿಲ್ಲ. 36 ತುಂಬಲು ಇನ್ನೂ ನಲವತ್ತು ದಿನ ಬಾಕಿ ಇತ್ತು. ಆ ಹೆದ್ದಾರಿ ಆಗ ಎರಡೇ ಸಾಲಿನದು, ನಡುವೆ ವಿಭಜಕವಿಲ್ಲ. ರಾತ್ರಿ ಪ್ರಯಾಣ, ಎದುರಿಗೆ ಲಾರಿ ದೀಪ. ಆ ದಾರಿಯಲ್ಲಿ ಓಡಾಡಿದ ಹಳೇ ಡ್ರೈವರುಗಳಿಗೆ ಅದರ ಕಷ್ಟ ಗೊತ್ತು.

ಉಳಿದವರು ಕೈಕಟ್ಟಿ ಕೂರಲಿಲ್ಲ. ಅಣ್ಣ 'ನನ್ನ ತಮ್ಮ ಶಂಕರ' ಬರೆದರು. ಅರುಂಧತಿಯವರು ವರ್ಷಗಟ್ಟಲೆ ಹೆಣಗಾಡಿ, ದುಡ್ಡು ಕೂಡಿಸಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ತೆರೆದರು. ಅಲ್ಲಿ ನಾಟಕ ಹೇಳಿದ ಹೊತ್ತಿಗೇ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಬಾಗಿಲು ತೆಗೆಯೋದಿಲ್ಲ. ಆತನ ಅವಸರ ಕಂಡವರು ಮಾಡಿದ ನಿಯಮವೇ ಸರಿ. 2006ರಲ್ಲಿ ಕವಿತಾ ಲಂಕೇಶ್ ಮತ್ತೆ 15 ಕಂತು ಮಾಲ್ಗುಡಿ ಮಾಡಿದರು. ಚೆನ್ನಾಗಿಯೇ ಇದ್ದವು, ಜನ ಹಳೆಯದನ್ನೇ ಕೇಳಿದರು.

ಅರಸಾಳಿನಲ್ಲಿ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದ ಮೇಲೆ ಹಳೇ ಸ್ಟೇಷನ್ ಕಟ್ಟಡ ಬೀಳುವ ಸ್ಥಿತಿಗೆ ಬಂದಿತ್ತು. ಕೆಡವಿದ್ದರೂ ಕೇಳುವವರಿರಲಿಲ್ಲ. ನೈಋತ್ಯ ರೈಲ್ವೆಯವರು ಅದನ್ನು ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಕೆಲಸಕ್ಕೆ ಕರೆದದ್ದು, ಅಂದು ಆಗುಂಬೆಯಲ್ಲಿ ಲಾಲೀ ದೊರೆಯನ್ನು ನಿಲ್ಲಿಸಿದ್ದ ಅದೇ ಜಾನ್ ದೇವರಾಜ್ ಅವರನ್ನು.